'ಸನ್‌ರೈಸ್' (1927): ಮೂಕಿ ಮತ್ತು ಟಾಕಿಗಳ ಹೊಸ್ತಿಲಲ್ಲಿ ನಿಂತ ಪ್ರೇಮಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಮೂಕಿ ಚಿತ್ರವೋ, ಟಾಕಿಯೋ?

ಎರಡೂ ಅಲ್ಲ ಎಂದರೆ ಉತ್ತರದಿಂದ ಜಾರಿಕೊಂಡಂತೆ ಆಗುತ್ತದೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದ ಫಾಕ್ಸ್ ಫಿಲ್ಮ್ ಕಾರ್ಪೊರೇಷನ್ ತಯಾರಿಸಿ, ಜರ್ಮನಿಯ ಎಫ್. ಡಬ್ಲ್ಯು. ಮುರ್ನೌ ನಿರ್ದೇಶಿಸಿದ 'ಸನ್‌ರೈಸ್: ಎ ಸಾಂಗ್ ಆಫ್ ಟು ಹ್ಯೂಮನ್ಸ್' 1927ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ ಕಂಡಿತು. ಚಿತ್ರದ ಮೂರು ಮುಖ್ಯ ಪಾತ್ರಗಳ ಬಾಯಿಂದ ಒಂದು ಮಾತೂ ನಮಗೆ ಕೇಳಿಸುವುದಿಲ್ಲ, ಸಂಭಾಷಣೆ ಅನಿವಾರ್ಯವಾದ ಕಡೆ ಬರಹದ ಫಲಕ ಬರುತ್ತದೆ. ಆ ಮಟ್ಟಿಗೆ ಇದು ಮೂಕಿಯೇ. ಆದರೆ ಸಂಗೀತ, ಗಂಟೆ, ವಾಹನಗಳ ಹಾರ್ನು, ಜಾತ್ರೆಯಂಥ ಗದ್ದಲ ಇವೆಲ್ಲ ಚಿತ್ರದ ಫಿಲ್ಮಿನ ಮೇಲೆಯೇ ಅಚ್ಚಾಗಿದ್ದವು, ಹಾಗಾಗಿ ಪರದೆಯ ಮುಂದೆ ಕೂತು ಬಾರಿಸುವ ವಾದ್ಯದವರ ಅಗತ್ಯ ಇರಲಿಲ್ಲ. ಇದಾದ ಹದಿಮೂರೇ ದಿನಕ್ಕೆ, ಅಕ್ಟೋಬರ್ 6ರಂದು, ವಾರ್ನರ್ ಸಹೋದರರ 'ದಿ ಜಾಝ್ ಸಿಂಗರ್' ಬಿಡುಗಡೆಯಾಗಿ, ಅದರಲ್ಲಿ ಹಾಡಿನ ಜೊತೆಗೆ ನಾಲ್ಕು ಮಾತನ್ನೂ ಕೇಳಿಸಿಕೊಂಡ ಪ್ರೇಕ್ಷಕರು ಮತ್ತೆ ಹಿಂದಕ್ಕೆ ತಿರುಗಿ ನೋಡಲಿಲ್ಲ. ಆ ಚಿತ್ರವೂ ಬಹುಪಾಲು ಮೂಕಿಯೇ ಆಗಿತ್ತು ಎಂಬುದನ್ನು ನಾವು ಮರೆಯುತ್ತೇವೆ.

'ಧ್ವನಿಯುಳ್ಳ ಮೂಕಿ' ಎನ್ನುವುದು ಕೇಳಲು ವಿಚಿತ್ರವಾದರೂ 'ಸನ್‌ರೈಸ್'ಗೆ ಒಪ್ಪುವ ಹೆಸರು ಅದೇ.

ಕಥೆ ಏನು?

ಸರೋವರದ ದಡದ ಒಂದು ಹಳ್ಳಿ. ಬೇಸಿಗೆಯ ರಜೆಗೆಂದು ಪಟ್ಟಣದಿಂದ ಬಂದ ಹೆಂಗಸೊಬ್ಬಳು ವಾರಗಟ್ಟಲೆ ಅಲ್ಲೇ ಉಳಿದಿದ್ದಾಳೆ, ಏಕೆಂದರೆ ಅವಳಿಗೆ ಅಲ್ಲಿನ ಒಬ್ಬ ರೈತನ ಸಂಗ ಬೆಳೆದಿದೆ. ಅವನಿಗೆ ಹೆಂಡತಿ ಇದ್ದಾಳೆ, ಕೂಸಿದೆ. ಹೊಲಮನೆ ಸಾಲಕ್ಕೆ ಕರಗುತ್ತಿವೆ, ಸಾಲ ಕೊಟ್ಟವರು ಕೊಟ್ಟಿಗೆಯಿಂದ ಹಸುವನ್ನು ಹಿಡಿದುಕೊಂಡು ಹೋಗುವುದನ್ನು ಚಿತ್ರ ಒಂದೇ ಚಿಕ್ಕ ನೋಟದಲ್ಲಿ ತೋರಿಸಿಬಿಡುತ್ತದೆ. ಹೆಂಡತಿಯನ್ನು ದೋಣಿಯಲ್ಲಿ ಕರೆದೊಯ್ದು ನೀರಿಗೆ ತಳ್ಳಿ, ದೋಣಿ ಮುಳುಗಿತೆಂದು ಹೇಳಿ, ಹೊಲ ಮಾರಿ ತನ್ನ ಜೊತೆ ಪಟ್ಟಣಕ್ಕೆ ಬಾ ಎಂದು ಆಕೆ ಹೇಳಿಕೊಡುತ್ತಾಳೆ. ಅವನು ತೇಲಿ ಬದುಕಿಕೊಳ್ಳಲು ಜೊಂಡಿನ ಒಂದು ಕಟ್ಟನ್ನೂ ಅವಳೇ ಸಿದ್ಧಮಾಡಿಸುತ್ತಾಳೆ. ಮರುದಿನ ಗಂಡಹೆಂಡಿರು ದೋಣಿ ಹತ್ತುತ್ತಾರೆ. ನಡುನೀರಿನಲ್ಲಿ ಅವನು ಎದ್ದು ನಿಲ್ಲುತ್ತಾನೆ, ಅವಳು ಎರಡೂ ಕೈ ಜೋಡಿಸುತ್ತಾಳೆ, ಅವನಿಗೆ ಆಗುವುದಿಲ್ಲ.

ಆಚೆ ದಡ ಮುಟ್ಟಿದೊಡನೆ ಅವಳು ಓಡಿ ಟ್ರಾಮ್ ಹತ್ತುತ್ತಾಳೆ, ಅವನೂ ಹಿಂದೆಯೇ ಹತ್ತುತ್ತಾನೆ, ಕಾಡಿನ ನಡುವಿನಿಂದ ಸಾಗಿದ ಆ ಟ್ರಾಮ್ ಇಬ್ಬರನ್ನೂ ಮಹಾನಗರದೊಳಗೆ ಇಳಿಸುತ್ತದೆ. ಅಲ್ಲಿ ಕಳೆದ ಒಂದು ಹಗಲು, ಒಂದು ಸಂಜೆಯಲ್ಲಿ ಅವರು ಮತ್ತೆ ಗಂಡಹೆಂಡಿರಾಗುತ್ತಾರೆ. ರಾತ್ರಿ ಮರಳುವಾಗ ಬಿರುಗಾಳಿಗೆ ದೋಣಿ ಮಗುಚುತ್ತದೆ. ಕೊಲೆಗೆಂದು ಕಟ್ಟಿದ್ದ ಜೊಂಡಿನ ಕಟ್ಟನ್ನು ಅವನು ಈಗ ಹೆಂಡತಿಯ ಮೈಗೆ ಬಿಗಿಯುತ್ತಾನೆ. ಅವಳು ಉಳಿಯುತ್ತಾಳೆಯೇ ಎಂಬುದನ್ನು ಇನ್ನೂ ನೋಡದವರಿಗಾಗಿ ಇಲ್ಲಿ ಬಿಟ್ಟಿದ್ದೇನೆ; ಆದರೆ ಕೆಳಗಿನ ಕೆಲವು ಉತ್ತರಗಳಲ್ಲಿ ಅದನ್ನು ಮುಚ್ಚಿಡುವುದು ಸಾಧ್ಯವಾಗಿಲ್ಲ.

ಮೂವಿಟೋನ್ ಎಂದರೇನು? ಅದು ವೈಟಾಫೋನ್‌ಗಿಂತ ಹೇಗೆ ಬೇರೆ?

1926ರಿಂದ 1930ರವರೆಗೆ ಎರಡು ದಾರಿಗಳು ಪೈಪೋಟಿಗೆ ಬಿದ್ದಿದ್ದವು. ವಾರ್ನರ್ ಕಂಪನಿಯ ವೈಟಾಫೋನ್ ಗ್ರಾಮಫೋನಿನ ಸಂತತಿ: ಹದಿನಾರು ಅಂಗುಲದ ತಟ್ಟೆಯೊಂದು ನಿಮಿಷಕ್ಕೆ 33⅓ ಸುತ್ತು ತಿರುಗುತ್ತ ಒಂದು ರೀಲಿಗೆ, ಎಂದರೆ ಸುಮಾರು ಹನ್ನೊಂದು ನಿಮಿಷಕ್ಕೆ ಸಾಕಾಗುವ ಧ್ವನಿ ಕೊಡುತ್ತಿತ್ತು. ಪ್ರೊಜೆಕ್ಟರು ಮತ್ತು ತಟ್ಟೆ ಒಂದೇ ಮೋಟಾರಿನಿಂದ ನಡೆಯುತ್ತಿದ್ದರೂ, ಮುಳ್ಳು ಒಂದು ಗೆರೆ ಹಾರಿದರೆ ಅಥವಾ ಹರಿದ ಫಿಲ್ಮನ್ನು ನಾಲ್ಕು ಚೌಕಟ್ಟು ಕತ್ತರಿಸಿ ಅಂಟಿಸಿದರೆ ಅಲ್ಲಿಂದ ಮುಂದೆ ತುಟಿಯೊಂದು ಕಡೆ, ಧ್ವನಿಯೊಂದು ಕಡೆ.

ಮೂವಿಟೋನ್ ಧ್ವನಿಯನ್ನು ಬೆಳಕಾಗಿ ಬರೆಯುವ ಪದ್ಧತಿ. ಥಿಯೋಡರ್ ಕೇಸ್ ಮತ್ತು ಅವರ ಸಹಾಯಕ ಅರ್ಲ್ ಸ್ಪೋನಬಲ್ ಅಭಿವೃದ್ಧಿಪಡಿಸಿದ್ದ ಈ ತಂತ್ರವನ್ನು ವಿಲಿಯಂ ಫಾಕ್ಸ್ 1926ರಲ್ಲಿ ತಮ್ಮದಾಗಿಸಿಕೊಂಡರು. ಮೈಕ್ರೊಫೋನಿಗೆ ಬಿದ್ದ ಸದ್ದಿಗೆ ತಕ್ಕಂತೆ ಒಂದು ದೀಪ ಹೆಚ್ಚುಕಡಿಮೆ ಬೆಳಗುತ್ತದೆ. ಓಡುವ ಫಿಲ್ಮಿನ ಅಂಚಿನ ಮೇಲೆ ಆ ಬೆಳಕು ಬಿದ್ದು ಕಪ್ಪು, ಬೂದು, ತಿಳಿ ಎಂದು ಅಡ್ಡಡ್ಡ ಗೆರೆಗಳ ಪಟ್ಟಿಯೊಂದು ಮೂಡುತ್ತದೆ. ಚಿತ್ರಮಂದಿರದಲ್ಲಿ ಆ ಪಟ್ಟಿಯ ಮೂಲಕ ಹಾದ ಬೆಳಕನ್ನು ಫೋಟೊಸೆಲ್ ಹಿಡಿದು ಮತ್ತೆ ವಿದ್ಯುತ್ತಾಗಿ, ಸದ್ದಾಗಿ ಮಾಡುತ್ತದೆ. ಫಿಲ್ಮು ಹರಿದರೆ ಚಿತ್ರದ ಜೊತೆ ಅದರ ಧ್ವನಿಯೂ ಹೋಗುತ್ತದೆ, ಉಳಿದದ್ದು ತಾಳ ತಪ್ಪುವುದಿಲ್ಲ. ಕೊನೆಗೆ ಗೆದ್ದದ್ದು ಈ ದಾರಿಯೇ.

ಚಿತ್ರದ ಚೌಕಟ್ಟು ಅಷ್ಟೊಂದು ಚೌಕಾಕಾರವಾಗಿ ಕಾಣುವುದು ಏಕೆ? ಕತ್ತರಿಸಿದ ಪ್ರತಿಯೇ?

ಅಲ್ಲ. ಧ್ವನಿಯ ಪಟ್ಟಿಗೆ ಜಾಗ ಬೇಕಿತ್ತು, ಅದನ್ನು ಚಿತ್ರದ ಅಗಲದಿಂದಲೇ ತೆಗೆದುಕೊಂಡರು. ಮೂಕಿಗಳಲ್ಲಿ ಎತ್ತರದ 1.33 ಪಟ್ಟು ಇದ್ದ ಚೌಕಟ್ಟಿನ ಅಗಲ ಸುಮಾರು 1.20 ಪಟ್ಟಿಗೆ ಇಳಿಯಿತು. ನಿಮ್ಮ ಟಿವಿಯಲ್ಲಿ ಎರಡೂ ಬದಿಗೆ ದಪ್ಪ ಕಪ್ಪು ಪಟ್ಟಿ ಕಂಡರೆ ನೀವು ಸರಿಯಾದ ಪ್ರತಿಯನ್ನೇ ನೋಡುತ್ತಿದ್ದೀರಿ ಎಂದು ತಿಳಿಯಬೇಕು. ಪರದೆ ತುಂಬಲೆಂದು ಎಳೆದು ಅಗಲಿಸಿ ನೋಡುವುದು ಬೇಡ.

ಮಾತೇ ಇಲ್ಲದ ಮೇಲೆ ಧ್ವನಿಯಿಂದ ಆದ ಪ್ರಯೋಜನವೇನು?

ಈ ಚಿತ್ರದ ಬಗ್ಗೆ ಕೇಳಬೇಕಾದ ನಿಜವಾದ ಪ್ರಶ್ನೆ ಇದೇ ಎಂದು ನನ್ನ ಭಾವನೆ, ಮತ್ತು ಇದಕ್ಕೆ ಉತ್ತರ ಚಿತ್ರದ ಕೊನೆಯ ಭಾಗದಲ್ಲಿದೆ. ಬಿರುಗಾಳಿ ಇಳಿದಿದೆ. ಬಂಡೆಗಳ ನಡುವೆ ದಡಕ್ಕೆ ಬಿದ್ದ ಗಂಡ ಎದ್ದು ಕತ್ತಲ ನೀರಿನ ಕಡೆಗೆ ಹೆಂಡತಿಯನ್ನು ಕೂಗುತ್ತಾನೆ. ಅವನ ಬಾಯಿ ತೆರೆಯುವುದು ನಮಗೆ ಕಾಣುತ್ತದೆ. ಕೇಳುವುದು ಮನುಷ್ಯನ ಕಂಠವಲ್ಲ, ವಾದ್ಯಮೇಳದ ನಡುವಿನಿಂದ ಎದ್ದ ಹಾರ್ನ್ ಎಂಬ ಊದುವಾದ್ಯದ ಒಂದು ಸ್ವರ. ಊರಿನವರು ಲಾಂದ್ರ ಹಿಡಿದು ದೋಣಿಗಳಲ್ಲಿ ಹುಡುಕುತ್ತಿರುವಾಗಲೂ ಅವನು ಕೂಗಿದಂತೆಲ್ಲ ಅದೇ ಸ್ವರ ಏಳುತ್ತದೆ, ನೀರಿನ ಮೇಲೆ ಹರಡುತ್ತದೆ, ಉತ್ತರವಿಲ್ಲದೆ ಅಡಗುತ್ತದೆ.

ಅಲ್ಲಿ ನಟನ ನಿಜವಾದ ಧ್ವನಿಯನ್ನು ಹಾಕುವ ಯಂತ್ರ ಫಾಕ್ಸ್ ಕಂಪನಿಯ ಬಳಿ ಇತ್ತು. ಮೊದಲ ಪ್ರದರ್ಶನದ ರಾತ್ರಿ 'ಸನ್‌ರೈಸ್'ಗೆ ಮುಂಚೆ ತೋರಿಸಿದ ಮೂವಿಟೋನ್ ತುಣುಕುಗಳಲ್ಲಿ ಇಟಲಿಯ ಮುಸ್ಸೊಲಿನಿ ಪರದೆಯಿಂದ ನೇರವಾಗಿ ಮಾತನಾಡಿದ್ದ, ವ್ಯಾಟಿಕನ್ನಿನ ಗಾಯಕರು ಹಾಡಿದ್ದರು. ಸರ್ವಾಧಿಕಾರಿಗೆ ದನಿ ಸಿಕ್ಕ ಅದೇ ರಾತ್ರಿ, ಅದೇ ಪರದೆಯ ಮೇಲೆ, ಹೆಂಡತಿಯನ್ನು ಕಳೆದುಕೊಂಡವನಿಗೆ ಮಾತ್ರ ದನಿ ಇರಲಿಲ್ಲ ಎಂಬುದು ಆಕಸ್ಮಿಕವಿರಬಹುದು. ಆದರೂ ಅದನ್ನು ನೆನೆದಾಗಲೆಲ್ಲ ನನಗೆ ಏನೋ ಒಂದು ಬಗೆಯ ಕಸಿವಿಸಿಯಾಗುತ್ತದೆ. ಕೂಗು ಮಾತಾಗಿದ್ದರೆ ಅದು ಒಂದು ಹೆಸರಾಗುತ್ತಿತ್ತು, ಒಂದು ಭಾಷೆಯದಾಗುತ್ತಿತ್ತು. ಇಲ್ಲಿ ಅದು ಬರೀ ಕೂಗು.

ಧ್ವನಿಯನ್ನು ಹಂಚಿರುವ ರೀತಿಯನ್ನೂ ಗಮನಿಸಬೇಕು. ಹಳ್ಳಿಯ ಭಾಗ ಬಹುತೇಕ ಸಂಗೀತದಲ್ಲೇ ನಡೆಯುತ್ತದೆ. ನಗರ ಬಂದೊಡನೆ ವಾಹನಗಳ ಕಿರುಚಾಟ, ಜನರ ಗಲಾಟೆ ಒಳನುಗ್ಗುತ್ತವೆ. ಚರ್ಚಿನಿಂದ ಹೊರಬಂದ ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡುತ್ತ ಬೀದಿಯ ನಡುವೆಯೇ ನಡೆದುಬಿಡುತ್ತಾರೆ, ಅವರ ಸುತ್ತ ನಗರ ಕರಗಿ ಹೂಬಿಟ್ಟ ಬಯಲಾಗುತ್ತದೆ, ಅವರು ಮುತ್ತಿಡುತ್ತಾರೆ. ಮರುಕ್ಷಣ ಬಯಲು ಮಾಯವಾಗಿ, ಸುತ್ತ ನಿಂತ ವಾಹನಗಳ ಹಾರ್ನಿನ ಆರ್ಭಟ ಅವರನ್ನು ಎಬ್ಬಿಸುತ್ತದೆ. ನಗರದ ಆ ಹಾರ್ನಿಗೂ ಸರೋವರದ ಆ ಹಾರ್ನಿಗೂ ನಂಟಿದೆಯೇ ಎಂದು ಕೇಳಿದರೆ ಇದೆ ಎಂದು ಆಣೆಯಿಟ್ಟು ಹೇಳಲಾರೆ. ಕಿವಿ ಮಾತ್ರ ಎರಡನ್ನೂ ಜೋಡಿಸಿಕೊಳ್ಳುತ್ತದೆ.

ಸಂಗೀತ ಸಂಯೋಜನೆ ಹ್ಯೂಗೋ ರೀಸೆನ್‌ಫೆಲ್ಡ್ ಅವರ ಹೆಸರಿನಲ್ಲಿದೆ; ಅಂದಿನ ರೂಢಿಯಂತೆ ಶೋಪ್ಯಾನ್, ಗೂನೋ ಮೊದಲಾದವರ ಹಳೆಯ ಕೃತಿಗಳ ತುಂಡುಗಳೂ ಅದರೊಳಗೆ ಸೇರಿವೆ. ಮುಂದೆ ಹಿಚ್‌ಕಾಕ್ ಅವರ ಟಿವಿ ಸರಣಿಯ ಗುರುತಿನ ರಾಗವಾದ ಗೂನೋ ಅವರ 'ಬೊಂಬೆಯ ಶವಯಾತ್ರೆ'ಯ ನಡೆ ಇಲ್ಲಿ ಆಗಲೇ ಕೇಳುತ್ತದೆ.

ಜರ್ಮನ್ ನಿರ್ದೇಶಕನೊಬ್ಬ ಹಾಲಿವುಡ್ಡಿಗೆ ಬಂದದ್ದು ಹೇಗೆ?

1924ರಲ್ಲಿ ಮುರ್ನೌ ಮಾಡಿದ 'ದಿ ಲಾಸ್ಟ್ ಲಾಫ್' ಎಂದು ಇಂಗ್ಲಿಷಿನಲ್ಲಿ ಹೆಸರಾದ ಚಿತ್ರ ಬರಹದ ಫಲಕಗಳನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿತ್ತು. ಕ್ಯಾಮೆರಾ ಅದರಲ್ಲಿ ಕಾಲು ಬಂದಂತೆ ಓಡಾಡಿತ್ತು. ಅದನ್ನು ನೋಡಿ ಬೆರಗಾದ ವಿಲಿಯಂ ಫಾಕ್ಸ್, ತಮ್ಮ ಕಂಪನಿಗೂ ಅಂಥ ಮರ್ಯಾದೆಯ ಚಿತ್ರವೊಂದು ಬೇಕೆಂದು ಮುರ್ನೌರನ್ನು ಕರೆಸಿದರು. 1926ರಲ್ಲಿ 'ಫೌಸ್ಟ್' ಮುಗಿಸಿ ಅಮೆರಿಕಕ್ಕೆ ಹೊರಟ ನಿರ್ದೇಶಕನಿಗೆ ಹಣದಲ್ಲೂ ಅಧಿಕಾರದಲ್ಲೂ ಹಾಲಿವುಡ್ಡಿನಲ್ಲಿ ಅಪರೂಪವೆನ್ನುವಷ್ಟು ಸ್ವಾತಂತ್ರ್ಯ ಸಿಕ್ಕಿತು. ಚಿತ್ರಕಥೆಯನ್ನು ಕಾರ್ಲ್ ಮೇಯರ್ ಬರೆದುಕೊಟ್ಟರು, ಕಲಾನಿರ್ದೇಶನಕ್ಕೆ ರೋಖಸ್ ಗ್ಲೀಸ ಜೊತೆಯಾದರು. ಹೀಗಾಗಿ ಹಣ ಮತ್ತು ನಟರು ಅಮೆರಿಕದವರು, ಕಣ್ಣು ಬರ್ಲಿನ್ನಿನದು.

ಮೂಲ ಕಥೆಯಲ್ಲೂ ಹೀಗೆಯೇ ಸುಖಾಂತ್ಯವಿದೆಯೇ?

ಇಲ್ಲ, ಮತ್ತು ಇದು ತಿಳಿದಿರಬೇಕಾದ ಸಂಗತಿ. ಚಿತ್ರಕ್ಕೆ ಆಧಾರವಾದ, ಜರ್ಮನ್ ಲೇಖಕ ಹರ್ಮನ್ ಸುಡರ್‌ಮನ್ ಅವರ 'ಟಿಲ್ಸಿಟ್ ಪಯಣ' ಎಂಬರ್ಥದ ಕಥೆ 1917ರಲ್ಲಿ ಬಂದ ಅವರ ಲಿಥುವೇನಿಯಾದ ಕಥೆಗಳ ಸಂಕಲನದಲ್ಲಿದೆ. ಟಿಲ್ಸಿಟ್ ಆಗ ಪೂರ್ವ ಪ್ರಷ್ಯದ ಊರು. ಈಗ ಅದು ರಷ್ಯದ ಸೊವೆಟ್ಸ್ಕ್. ಕಥೆಯಲ್ಲಿ ಗಂಡ ಆನ್ಸಾಸ್, ಹೆಂಡತಿ ಇಂದ್ರೆ. ನಡುವೆ ಬಂದವಳು ಪಟ್ಟಣದವಳಲ್ಲ, ಮನೆಗೆಲಸದ ಬುಸ್ಸೆ. ಅಲ್ಲಿಯೂ ದೋಣಿ, ಜೊಂಡು, ಪಟ್ಟಣದಲ್ಲಿ ಕಳೆದ ದಿನ, ಮರಳುವಾಗಿನ ಅಪಘಾತ ಎಲ್ಲ ಇವೆ; ಆದರೆ ಹೆಂಡತಿ ಬದುಕುತ್ತಾಳೆ, ಗಂಡ ನೀರುಪಾಲಾಗುತ್ತಾನೆ, ಅವಳ ಹೊಟ್ಟೆಯಲ್ಲಿ ಅವನ ಮಗು ಉಳಿಯುತ್ತದೆ.

ಆ ಕೊನೆಯಲ್ಲಿ ಒಂದು ಕಟುನ್ಯಾಯವಿದೆ: ತಪ್ಪಿಗೆ ಪ್ರಾಣವೇ ದಂಡ. ಚಿತ್ರ ಅವನನ್ನು ಬೇರೆ ರೀತಿಯಲ್ಲಿ ದಂಡಿಸುತ್ತದೆ. ತಾನು ಬಯಸಿದ್ದೇ, ಬಯಕೆ ಸತ್ತುಹೋದ ಮೇಲೆ, ನಡೆದುಹೋಯಿತೆಂದು ನಂಬಿಕೊಂಡು ಅವನು ಒಂದು ಇಡೀ ರಾತ್ರಿ ಬದುಕಬೇಕಾಗುತ್ತದೆ. ಯೋಜನೆ ಫಲಿಸಿತೆಂದು ತಿಳಿದು ಪಟ್ಟಣದವಳು ನಗುತ್ತ ಬಂದಾಗ ಅವನ ಕೈ ಅವಳ ಕುತ್ತಿಗೆಗೆ ಹೋಗುತ್ತದೆ. ಮುದುಕ ಬೆಸ್ತನೊಬ್ಬ ನೀರಿನ ಸೆಳೆತ ಬಲ್ಲವನಾದ್ದರಿಂದ ಹೆಂಡತಿ ಜೀವಸಹಿತ ಸಿಕ್ಕಿದಳೆಂಬ ಕರೆ ಆ ಕ್ಷಣಕ್ಕೆ ಬರದಿದ್ದರೆ ಅವನು ಕೊಲೆಗಾರನೇ ಆಗಿಬಿಡುತ್ತಿದ್ದ. ಸುಖಾಂತ್ಯ ನಿರ್ಮಾಪಕರ ಒತ್ತಾಯವೆಂದು ತಳ್ಳಿಹಾಕುವವರು ಈ ಒಂದು ರಾತ್ರಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದೇ ನನಗೆ ತೋರುತ್ತದೆ.

ಕೊಲ್ಲಲು ಹೊರಟ ಗಂಡನನ್ನು ಒಂದೇ ಹಗಲಿನಲ್ಲಿ ಕ್ಷಮಿಸುವ ಹೆಂಡತಿಯನ್ನು ಇಂದು ಒಪ್ಪಿಕೊಳ್ಳುವುದು ಹೇಗೆ?

ಒಪ್ಪಿಕೊಳ್ಳಲೇಬೇಕೆಂದು ಯಾರೂ ಹೇಳುವಂತಿಲ್ಲ. ಇದು ನ್ಯಾಯವಾದ ಆಕ್ಷೇಪ. ಹಳ್ಳಿಯ ಹೆಂಡತಿ ಸಾಧ್ವಿ, ಪಟ್ಟಣದ ಹೆಂಗಸು ಸೇದುವವಳು, ತುಟಿಗೆ ಬಣ್ಣ ಹಚ್ಚುವವಳು, ಆದ್ದರಿಂದ ಕೆಟ್ಟವಳು ಎಂಬ ಸರಳ ಗಣಿತ ಚಿತ್ರದಲ್ಲಿದೆ, ಮತ್ತು ಚಿತ್ರವನ್ನು ಮೆಚ್ಚುವವರು ಈ ಭಾಗವನ್ನು ಸುಮ್ಮನೆ ದಾಟಿಹೋಗಬಾರದು. ಹೆಂಡತಿ ಏನು ಯೋಚಿಸಿದಳು ಎಂಬುದಕ್ಕೆ ಚಿತ್ರಕಥೆ ಕೊಡುವ ಜಾಗ ಕಡಿಮೆ.

ಆದರೆ ಚಿತ್ರಕಥೆ ಕೊಡದ್ದನ್ನು ಹೆಂಡತಿಯ ಪಾತ್ರ ಮಾಡಿದ ಜೇನೆಟ್ ಗೇನರ್ ಅವರ ಮೈ ಕೊಡುತ್ತದೆ. ನಗರದ ಉಪಾಹಾರಗೃಹದ ದೃಶ್ಯವನ್ನು ನಿಧಾನವಾಗಿ ನೋಡಿ. ಮೇಜಿನ ಮೇಲೆ ಗಂಡ ತಿಂಡಿಯ ತಟ್ಟೆಯನ್ನು ಅವಳ ಕಡೆಗೆ ಸರಿಸುತ್ತಾನೆ. ಅವಳು ಒಂದು ತುಂಡನ್ನು ತೆಗೆದುಕೊಳ್ಳುತ್ತಾಳೆ, ಬಾಯಿಯ ಹತ್ತಿರ ತರುತ್ತಾಳೆ, ತಿನ್ನಲು ಯತ್ನಿಸುತ್ತಾಳೆ, ಆಗದೆ ಅಳು ಒಡೆಯುತ್ತದೆ. ಬೆಳಗ್ಗೆ ತನ್ನನ್ನು ನೀರಿಗೆ ತಳ್ಳಲು ಚಾಚಿದ್ದ ಕೈಯಿಂದಲೇ ಬಂದ ತಿಂಡಿ ಗಂಟಲಲ್ಲಿ ಇಳಿಯದು. ಇಲ್ಲಿ ಕ್ಷಮೆ ಇನ್ನೂ ಬಂದಿಲ್ಲ. ಬಂದಿರುವುದು ಅವನ ಎದುರು ಕೂರಬಲ್ಲೆನೆಂಬಷ್ಟು ಧೈರ್ಯ ಮಾತ್ರ. ಆಮೇಲೆ ಅವರು ಚರ್ಚಿನ ಒಂದು ಮೂಲೆಯಲ್ಲಿ ಕೂತು ಯಾರದೋ ಮದುವೆಯನ್ನು ನೋಡುತ್ತಾರೆ. ಇವಳನ್ನು ಎಲ್ಲ ಕೆಡುಕಿನಿಂದ ಕಾಯುವೆಯಾ ಎಂದು ಪಾದ್ರಿ ಮದುಮಗನಿಗೆ ಕೇಳಿದ್ದು ಗಂಡನ ಕಿವಿಗೆ ಬಿದ್ದು ಅವನು ಕುಸಿದು ಅವಳ ಮಡಿಲಲ್ಲಿ ಮುಖ ಹುದುಗಿಸುತ್ತಾನೆ. ಅವಳು ಅವನ ತಲೆ ಸವರುತ್ತಾಳೆ. ಚಿತ್ರದ ಪ್ರೇಮಕಥೆ ಶುರುವಾಗುವುದು ಇಲ್ಲಿಂದ, ಮತ್ತು ಪ್ರೇಮಚಿತ್ರಗಳಲ್ಲಿ ಇದು ವಿಶೇಷವೇ: ಇಬ್ಬರು ಅಪರಿಚಿತರು ಹತ್ತಿರವಾಗುವ ಕಥೆಯಲ್ಲ, ಮದುವೆಯಾಗಿ ಕೂಸಾಗಿ ಅಪರಿಚಿತರಾದ ಇಬ್ಬರು ಇನ್ನೊಬ್ಬರ ಮದುವೆಯಲ್ಲಿ ತಮ್ಮ ಮದುವೆಯನ್ನು ಮತ್ತೆ ಮಾಡಿಕೊಳ್ಳುವ ಕಥೆ.

ಹಾಗೆ ನೋಡಿದರೂ ಕೆಲವರಿಗೆ ಸಮಾಧಾನವಾಗುವುದಿಲ್ಲ. ಅದೂ ಸರಿಯೇ.

ಪಾತ್ರಗಳಿಗೆ ಹೆಸರೇ ಇಲ್ಲವಲ್ಲ?

ಬೇಕೆಂದೇ ಇಟ್ಟಿಲ್ಲ. ಈ ಹಾಡು ಯಾವ ಊರಿನದೂ ಅಲ್ಲ, ಎಲ್ಲ ಊರಿನದೂ ಹೌದು ಎಂಬ ಅರ್ಥದ ಫಲಕದಿಂದಲೇ ಚಿತ್ರ ಆರಂಭವಾಗುತ್ತದೆ. ಗಂಡಸು, ಹೆಂಡತಿ, ಪಟ್ಟಣದ ಹೆಂಗಸು, ಇಷ್ಟೇ. ನಮ್ಮ ಜನಪದ ಕಥೆಗಳ 'ಒಂದೂರಲ್ಲಿ ಒಬ್ಬ ರಾಜ'ನ ಹಾಗೆ.

ಆ ಜೌಗುನೆಲದ ದೃಶ್ಯ, ಆ ನಗರ, ಇವನ್ನೆಲ್ಲ ಹೇಗೆ ಮಾಡಿದರು?

ಹಳ್ಳಿಯನ್ನು ಕ್ಯಾಲಿಫೋರ್ನಿಯದ ಬೆಟ್ಟಗಳ ನಡುವಿನ ಲೇಕ್ ಆ್ಯರೋಹೆಡ್ ಸರೋವರದ ದಡದಲ್ಲಿ ಕಟ್ಟಿದರು. ನಗರವನ್ನು ಫಾಕ್ಸ್ ಕಂಪನಿಯ ಜಾಗದಲ್ಲಿ, ದೃಷ್ಟಿಯನ್ನು ಮೋಸಗೊಳಿಸುವ ಲೆಕ್ಕದಲ್ಲಿ ಎಬ್ಬಿಸಿದರು: ಮುಂದಿನ ಕಟ್ಟಡಗಳು ನಿಜವಾದ ಅಳತೆಯವು, ಹಿಂದಿನವು ಕ್ರಮೇಣ ಕಿರಿದು, ನೆಲವೂ ಇಳಿಜಾರು, ದೂರದಲ್ಲಿ ಓಡಾಡುವವರು ಕುಳ್ಳಗಿನವರು. ಹೀಗಾಗಿ ಕೆಲವು ನೂರು ಅಡಿಗಳ ಬೀದಿ ಕಣ್ಣಿಗೆ ಮುಗಿಯದ ಮಹಾನಗರವಾಗಿ ತೋರುತ್ತದೆ. ಟ್ರಾಮಿಗಾಗಿಯೇ ಹಳಿ ಹಾಕಿಸಿದ್ದರಿಂದ, ಕಾಡು, ಕಾರ್ಖಾನೆ, ಬೀದಿ ಇವು ಒಂದರ ಹಿಂದೊಂದು ಟ್ರಾಮಿನ ಕಿಟಕಿಯ ಹಿಂದೆ ಹಾದುಹೋಗುವುದನ್ನು ಮುರಿಯದೆ ಹಿಡಿಯಲು ಸಾಧ್ಯವಾಯಿತು. ಆ ಹೊತ್ತಿನಲ್ಲಿ ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡುವುದೂ ಇಲ್ಲ.

ಗಂಡಸು ರಾತ್ರಿ ಪಟ್ಟಣದ ಹೆಂಗಸನ್ನು ಕಾಣಲು ಹೋಗುವ ಜೌಗಿನ ದೃಶ್ಯ ಸ್ಟುಡಿಯೋದ ಒಳಗಿನದು. ಮೇಲೆ ತೂಗುಹಾಕಿದ ಹಳಿಯಿಂದ ಇಳಿಬಿದ್ದ ಕ್ಯಾಮೆರಾ ಗಂಡಸಿನ ಬೆನ್ನುಹತ್ತಿ ಮಂಜಿನಲ್ಲಿ ಸಾಗುತ್ತದೆ, ಅವನು ಬೇಲಿ ದಾಟಿದರೆ ದಾಟುತ್ತದೆ, ಪೊದೆಯನ್ನು ತಾನೇ ತಳ್ಳಿಕೊಂಡು ಅವನಿಗಿಂತ ಮೊದಲೇ ಆ ಹೆಂಗಸಿನ ಎದುರು ಹೋಗಿ ನಿಲ್ಲುತ್ತದೆ. ಇಲ್ಲಿಯವರೆಗೆ ಅವನನ್ನು ನೋಡುತ್ತಿದ್ದ ನಾವು ಆ ಕ್ಷಣಕ್ಕೆ ಅವನ ಆಸೆಯ ಜೊತೆ ಸೇರಿಬಿಟ್ಟಿರುತ್ತೇವೆ. ಒಂದರ ಮೇಲೊಂದು ಮೂಡುವ ಬಿಂಬಗಳನ್ನು ಛಾಯಾಗ್ರಾಹಕರಾದ ಚಾರ್ಲ್ಸ್ ರೋಶರ್ ಮತ್ತು ಕಾರ್ಲ್ ಸ್ಟ್ರಸ್ ಕ್ಯಾಮೆರಾದೊಳಗೇ ಮಾಡಿದರು; ಫಿಲ್ಮನ್ನು ಹಿಂದಕ್ಕೆ ಸುತ್ತಿ, ಬೇಡದ ಭಾಗವನ್ನು ಮರೆಮಾಡಿ, ಅದೇ ತುಂಡಿನ ಮೇಲೆ ಮತ್ತೆ ಚಿತ್ರಿಸುವ ಕೆಲಸ ಅದು, ಒಂದು ಎಣಿಕೆ ತಪ್ಪಿದರೆ ಎಲ್ಲವೂ ಹಾಳು. ಬರಹದ ಫಲಕವನ್ನೂ ಅವರು ಸುಮ್ಮನೆ ಬಿಡಲಿಲ್ಲ: ಹೆಂಡತಿ ಮುಳುಗಿಹೋಗಬಾರದೇ ಎಂಬ ಅರ್ಥದ ಸಾಲು ಪರದೆಯ ಮೇಲೆ ಬಂದು, ಅಕ್ಷರಗಳೇ ಕರಗಿ ಕೆಳಗೆ ಮುಳುಗುತ್ತವೆ.

ನಟರ ಬಗ್ಗೆ ಹೇಳಿ.

ಗಂಡನಾಗಿ ಜಾರ್ಜ್ ಓಬ್ರಿಯನ್, ಪಟ್ಟಣದ ಹೆಂಗಸಾಗಿ ಮಾರ್ಗರೆಟ್ ಲಿವಿಂಗ್‌ಸ್ಟನ್. ಓಬ್ರಿಯನ್ ಕಟ್ಟುಮಸ್ತಾದ ಮೈಯವರು, ಹಿಂದೆ ಕುದುರೆ, ರೈಲುಗಳ ಸಾಹಸಚಿತ್ರದಿಂದ ಹೆಸರಾದವರು. ಪಾಪ ಹೊತ್ತವನ ನಡಿಗೆ ಭಾರವಾಗಿರಲೆಂದು ಮುರ್ನೌ ಅವರ ಬೂಟಿನಲ್ಲಿ ಸೀಸ ತುಂಬಿಸಿದ್ದರೆಂಬುದು ಈ ಚಿತ್ರದ ಬಗ್ಗೆ ಬರೆದವರೆಲ್ಲ ಹೇಳುವ ಮಾತು. ಮೊದಲ ಭಾಗದಲ್ಲಿ ಅವರ ಕುಗ್ಗಿದ ಭುಜ, ಎಳೆದಿಡುವ ಹೆಜ್ಜೆ ನೋಡಿದರೆ ನಂಬಿಕೆ ಬರುತ್ತದೆ. ಗೇನರ್ ಅವರಿಗೆ ಬಿಗಿದು ಕಟ್ಟಿದ ಹೊಂಬಣ್ಣದ ಕೃತಕ ಕೂದಲು ತೊಡಿಸಲಾಗಿತ್ತು. ಕೊನೆಯಲ್ಲಿ ಮಂಚದ ಮೇಲೆ ಆ ಕೂದಲು ಬಿಚ್ಚಿ ಹರಡಿರುವುದನ್ನು ಕಂಡಾಗ ಇಡೀ ಚಿತ್ರದುದ್ದಕ್ಕೂ ಏನನ್ನು ಬಿಗಿಹಿಡಿದಿದ್ದರೆಂದು ತಿಳಿಯುತ್ತದೆ.

ಮೊದಲ ಆಸ್ಕರ್ 'ಅತ್ಯುತ್ತಮ ಚಿತ್ರ' ಪ್ರಶಸ್ತಿ 'ವಿಂಗ್ಸ್'ಗೆ ಬಂದಿತೇ, 'ಸನ್‌ರೈಸ್'ಗೆ ಬಂದಿತೇ?

1929ರ ಮೇ 16ರಂದು ಹಾಲಿವುಡ್ಡಿನ ರೂಸ್‌ವೆಲ್ಟ್ ಹೋಟೆಲಿನಲ್ಲಿ ನಡೆದ ಮೊದಲ ಸಮಾರಂಭದಲ್ಲಿ ಎರಡು ಉನ್ನತ ಪ್ರಶಸ್ತಿಗಳಿದ್ದವು. ಶ್ರೇಷ್ಠ ನಿರ್ಮಾಣಕ್ಕೆ 'ವಿಂಗ್ಸ್', ಅನನ್ಯ ಹಾಗೂ ಕಲಾತ್ಮಕ ಚಿತ್ರಕ್ಕೆ 'ಸನ್‌ರೈಸ್'. ಎರಡನೆಯ ವಿಭಾಗವನ್ನು ಮರುವರ್ಷವೇ ಕೈಬಿಟ್ಟರು, ಆಮೇಲೆ ಅಕಾಡೆಮಿ 'ವಿಂಗ್ಸ್' ಒಂದನ್ನೇ ಮೊದಲ ಅತ್ಯುತ್ತಮ ಚಿತ್ರವೆಂದು ಎಣಿಸುತ್ತ ಬಂದಿತು. ಸಾಮಾನ್ಯಜ್ಞಾನ ಸ್ಪರ್ಧೆಗಳಲ್ಲಿ ಉಂಟಾಗುವ ಗೊಂದಲಕ್ಕೆ ಕಾರಣ ಇದು. ಇದಲ್ಲದೆ ರೋಶರ್ ಮತ್ತು ಸ್ಟ್ರಸ್ ಅವರಿಗೆ ಛಾಯಾಗ್ರಹಣದ ಪ್ರಶಸ್ತಿ, ಗೇನರ್ ಅವರಿಗೆ 'ಸೆವೆಂತ್ ಹೆವನ್', 'ಸ್ಟ್ರೀಟ್ ಏಂಜೆಲ್' ಮತ್ತು 'ಸನ್‌ರೈಸ್' ಮೂರೂ ಸೇರಿ ನಟಿಯ ಪ್ರಶಸ್ತಿ ಬಂದವು. ಅವರಿಗಾಗ 22 ವರ್ಷ.

ಜನ ಚಿತ್ರವನ್ನು ನೋಡಿದರೇ?

ಹಾಕಿದ ಹಣಕ್ಕೆ ತಕ್ಕಷ್ಟು ನೋಡಲಿಲ್ಲ. ಮುರ್ನೌ ಅವರಿಗೆ ಸಿಕ್ಕಿದ್ದ ಸ್ವಾತಂತ್ರ್ಯ ಅಲ್ಲಿಂದ ಇಳಿಮುಖವಾಯಿತು. ಅವರ ಮುಂದಿನ ಚಿತ್ರ 'ಫೋರ್ ಡೆವಿಲ್ಸ್' ಇಂದು ಎಲ್ಲೂ ಉಳಿದಿಲ್ಲ. 1930ರ 'ಸಿಟಿ ಗರ್ಲ್' ಅವರ ಕೈತಪ್ಪಿ ಮುಗಿಯಿತು, ಕಂಪನಿ ಅದಕ್ಕೆ ಮಾತು ತುಂಬಿಸಲು ಹೊರಟಿತು. ಕಂಪನಿಯಿಂದ ಹೊರಬಂದು ದಕ್ಷಿಣ ಪೆಸಿಫಿಕ್ ದ್ವೀಪಗಳಲ್ಲಿ ಅವರು ಚಿತ್ರಿಸಿದ 'ತಬು'ವಿನಲ್ಲೂ ಸಂಗೀತವಿದೆ, ಮಾತಿಲ್ಲ. ಅದು ತೆರೆಕಾಣುವ ಕೆಲವೇ ದಿನಗಳ ಮುಂಚೆ, 1931ರ ಮಾರ್ಚ್ 11ರಂದು, ಕ್ಯಾಲಿಫೋರ್ನಿಯದಲ್ಲಿ ಆದ ಕಾರು ಅಪಘಾತದಿಂದ 42ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮಾತಿನ ಚಿತ್ರವೊಂದನ್ನು ಮುರ್ನೌ ಹೇಗೆ ಮಾಡುತ್ತಿದ್ದರೆಂಬುದು ನಮಗೆ ಸಿಗಲೇ ಇಲ್ಲ.

ಮನ್ನಣೆ ನಿಧಾನವಾಗಿ ಬಂದಿತು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ 1989ರಲ್ಲಿ ಆಯ್ದ ಮೊದಲ 25 ಚಿತ್ರಗಳಲ್ಲಿ ಇದೂ ಒಂದು. ಹತ್ತು ವರ್ಷಕ್ಕೊಮ್ಮೆ ನಡೆಯುವ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ 2012ರಲ್ಲಿ ಐದನೆಯ ಸ್ಥಾನ, 2022ರಲ್ಲಿ ಹನ್ನೊಂದನೆಯದು.

ನಗರದ ಭಾಗ ತುಸು ಉದ್ದವಾಯಿತೆನಿಸುವುದಿಲ್ಲವೇ?

ಎನಿಸುತ್ತದೆ. ಕ್ಷೌರದಂಗಡಿ, ಛಾಯಾಚಿತ್ರದ ಅಂಗಡಿ ಚೆನ್ನಾಗಿವೆ. ತಲೆಯಿಲ್ಲದ ಶಿಲ್ಪದ ಪ್ರತಿಮೆ ಕೆಳಗೆ ಬಿದ್ದಾಗ ತಾವೇ ತಲೆ ಮುರಿದೆವೆಂದು ಗಂಡಹೆಂಡಿರು ಗಾಬರಿಯಾಗಿ ಹುಡುಕುವುದಕ್ಕೆ ಈಗಲೂ ನಗು ಬರುತ್ತದೆ. ತಪ್ಪಿಸಿಕೊಂಡ ಹಂದಿಮರಿಯ ಪ್ರಸಂಗವನ್ನು ಅರ್ಧಕ್ಕೆ ಇಳಿಸಬಹುದಿತ್ತು.

ಇದಕ್ಕೂ ನಮ್ಮ ಸಿನಿಮಾಕ್ಕೂ ಏನಾದರೂ ನಂಟಿದೆಯೇ?

ನೇರವಾದದ್ದಿಲ್ಲ, ಇರುವುದು ಒಂದು ಪದದ ನಂಟು. ಫಾಕ್ಸ್ ಕಂಪನಿಯ ಯಂತ್ರದ ಹೆಸರಾದ 'ಮೂವಿಟೋನ್' ಕೆಲವೇ ವರ್ಷಗಳಲ್ಲಿ ಭಾರತದಲ್ಲಿ ಟಾಕಿ ಕಂಪನಿಯ ಹೆಸರಿನ ಬಾಲವಾಯಿತು: ಸಾಗರ್ ಮೂವಿಟೋನ್, ರಂಜಿತ್ ಮೂವಿಟೋನ್ ಎಂದು ಮುಂಬಯಿಯಲ್ಲಿ, ಸೌತ್ ಇಂಡಿಯಾ ಮೂವಿಟೋನ್ ಎಂದು ಬೆಂಗಳೂರಿನಲ್ಲಿ. ಈ ಕೊನೆಯ ಕಂಪನಿಯೇ ಚಮನ್‌ಲಾಲ್ ಡುಂಗಾಜಿ ಅವರದು. ವೈ. ವಿ. ರಾವ್ ನಿರ್ದೇಶನದಲ್ಲಿ ಕೊಲ್ಹಾಪುರದ ಸ್ಟುಡಿಯೋದಲ್ಲಿ ಚಿತ್ರೀಕರಿಸಿ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ಬಂದದ್ದು ಅವರಿಂದ. ನಮ್ಮಲ್ಲಿ ಧ್ವನಿ ಬಂದೊಡನೆ ರಂಗಭೂಮಿಯ ಮಾತು ಮತ್ತು ಹಾಡು ಹೊಳೆಯಾಗಿ ಹರಿದು ಬಂದವು, ಅದಕ್ಕೆ ನಮ್ಮದೇ ಕಾರಣಗಳಿದ್ದವು. ಧ್ವನಿ ಇದ್ದೂ ಮಾತಿಲ್ಲದ ಆ ನಡುವಿನ ಘಟ್ಟ ಕನ್ನಡ ಸಿನಿಮಾಕ್ಕೆ ಬರಲೇ ಇಲ್ಲ. ಮೂಕಿಯಿಂದ ಒಂದೇ ಜಿಗಿತಕ್ಕೆ ಹಾಡಿಗೆ ಹೋದೆವು.

ಯಾವ ಪ್ರತಿಯನ್ನು ನೋಡಬೇಕು?

ಮೂಲ ನೆಗೆಟಿವ್ ಇಂದು ಇಲ್ಲ. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ದಾಸ್ತಾನುಮನೆಗೆ ಬೆಂಕಿ ಬಿದ್ದು, ನೈಟ್ರೇಟ್ ಫಿಲ್ಮಿನ ರಾಶಿಯಲ್ಲಿ ಅದೂ ಬೂದಿಯಾಯಿತು. ನಾವು ನೋಡುವುದು ಉಳಿದ ಪ್ರತಿಯಿಂದ ತಯಾರಿಸಿದ್ದನ್ನು. ಮೂವಿಟೋನ್ ಪ್ರತಿ ಸುಮಾರು 94 ನಿಮಿಷದ್ದು. ಝೆಕ್ ಭಾಷೆಯ ಫಲಕಗಳುಳ್ಳ ಮೂಕಿ ಪ್ರತಿಯೊಂದು ಬೇರೆಯಾಗಿ ಉಳಿದುಬಂದಿದೆ. ಅದು ಚಿಕ್ಕದು, ಸುಮಾರು 79 ನಿಮಿಷ, ಆದರೆ ಧ್ವನಿಪಟ್ಟಿಗೆ ಜಾಗ ಬಿಡಬೇಕಿಲ್ಲದ್ದರಿಂದ ಚೌಕಟ್ಟು ಅಗಲ, ಚಿತ್ರವೂ ಹೆಚ್ಚು ಸ್ಪಷ್ಟ. ಅಮೆರಿಕದಲ್ಲಿ 2023ರ ಆರಂಭದೊಂದಿಗೆ ಚಿತ್ರದ ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಅಂತರಜಾಲದಲ್ಲಿ ಹಲವು ಪ್ರತಿಗಳು ಓಡಾಡುತ್ತಿವೆ, ಕೆಲವಕ್ಕೆ ಯಾರೋ ಹೊಸ ಪಿಯಾನೊ ಸಂಗೀತವನ್ನೂ ಕೂಡಿಸಿದ್ದಾರೆ.

ಮೊದಲ ಸಲ ನೋಡುವವರು ಮೂವಿಟೋನ್ ಧ್ವನಿ ಇರುವುದನ್ನೇ ಹುಡುಕಿ ತೆಗೆಯಬೇಕು. ನಾನು ಮೊದಲು ನೋಡಿದ್ದು ರಾತ್ರಿ ಮನೆಯವರು ಮಲಗಿದ ಮೇಲೆ, ಮೂಕಿ ತಾನೇ ಎಂದುಕೊಂಡು ಧ್ವನಿಯನ್ನು ಪೂರ್ತಿ ಆರಿಸಿ. ಸರೋವರದ ದಡದಲ್ಲಿ ಅವನು ಬಾಯಿ ತೆರೆದದ್ದು ಕಂಡಿತು, ಚಿತ್ರ ಮುಗಿಯಿತು. ಅಲ್ಲಿ ಏನೋ ಕೇಳಿಸಬೇಕಿತ್ತು ಎಂಬುದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ.